ಬೋರ್ಡನ್ನು ಒರೆಸಿದ ಫೋಟೊ: ಹೊಸ ಬಳಕೆಗೆ ಬಂದ ಹಳೆಯ ಕಟ್ಟಡಗಳ ಫೋಟೊ ನೀವು ಹೇಗೆ ತೆಗೆಯುತ್ತೀರಿ?

ಕಡಪಕಲ್ಲು

ಗೆಳೆಯರೇ, ಹನ್ನೊಂದು ವರ್ಷಗಳಿಂದ ಭಾನುವಾರ ಬೆಳಗಾಯಿತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಪೇಟೆಯ ಬೀದಿಗಳಿಗೆ ಹೊರಡುವವಳು ನಾನು. ಹೊಟ್ಟೆಪಾಡಿನ ಕೆಲಸ ಲೆಕ್ಕಪತ್ರದ್ದು, ಮನಸ್ಸು ಹಳೆಯ ಕಟ್ಟಡಗಳ ಮೇಲೆ. ಒಂದು ವಿಷಯ ತಿಂಗಳಿಂದ ಕೊರೆಯುತ್ತಿದೆ, ಅದನ್ನು ನಿಮ್ಮ ಮುಂದಿಡುತ್ತೇನೆ.

ತುಂಬ ಹಿಂದೆ, ಕ್ಯಾಮೆರಾ ಹೊಸದರಲ್ಲಿ, ಬಳೇಪೇಟೆಯ ಒಳರಸ್ತೆಯೊಂದರಲ್ಲಿ ಒಂದು ಮನೆಯ ಫೋಟೊ ತೆಗೆದೆ. ಎರಡಂತಸ್ತು, ಕೆತ್ತನೆಯ ಮರದ ಕಂಬಗಳ ಜಗಲಿ, ಮೇಲೆ ಸಾಲು ಕಿಟಕಿಗಳು. ಜಗಲಿಯ ಅರ್ಧವನ್ನು ಒಬ್ಬ ದರ್ಜಿ ಅಂಗಡಿ ಮಾಡಿಕೊಂಡಿದ್ದರು. ಎರಡು ಕಂಬಗಳ ನಡುವೆ ತಗಡಿನ ಬೋರ್ಡು, ಅದರಡಿ ಹೊಲಿಗೆ ಯಂತ್ರ, ಕಂಬಕ್ಕೆ ಹೊಡೆದ ಮೊಳೆಯಲ್ಲಿ ಹೊಲಿದು ಮುಗಿಸಿದ ರವಿಕೆಗಳು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೋರ್ಡನ್ನು ಒರೆಸಿದೆ, ವೈರುಗಳನ್ನು ಒರೆಸಿದೆ, ರವಿಕೆಗಳನ್ನು ಒರೆಸಿದೆ. ಯಂತ್ರವಿದ್ದ ಜಾಗಕ್ಕೆ ಪಕ್ಕದ ಗೋಡೆಯ ತುಂಡನ್ನು ತಂದು ಅಂಟಿಸಿದೆ. ಎರಡು ಸಂಜೆ ಹಿಡಿಯಿತು. ಆ ಚಿತ್ರವನ್ನು ಎಲ್ಲರೂ ಮೆಚ್ಚಿದರು, ನನಗೂ ಅದರ ಮೇಲೆ ಹೆಮ್ಮೆಯಿತ್ತು.

ಮನೆ ಈಗ ಇಲ್ಲ. ಹೋದ ತಿಂಗಳು ಒಬ್ಬ ಯುವಕ ನನ್ನನ್ನು ಹುಡುಕಿ ಸಂದೇಶ ಕಳುಹಿಸಿದ. ಆ ಜಗಲಿಯ ಅಂಗಡಿ ಅವನ ತಂದೆಯದು. ಅವರು ತೀರಿಕೊಂಡಿದ್ದಾರೆ. ಅಂಗಡಿಯಲ್ಲಿ ಕುಳಿತ ಅವರ ಫೋಟೊ ಹಾಗಿರಲಿ, ಅಂಗಡಿಯದೇ ಒಂದು ಫೋಟೊ ಮನೆಯಲ್ಲಿಲ್ಲವಂತೆ. ‘ಮೇಡಂ, ಅಂಗಡಿ ಕಾಣುವ ಹಾಗೆ ಇನ್ನೊಂದು ಇದೆಯೇ?’ ಎಂದು ಕೇಳಿದ.

ನನ್ನ ಬಳಿ ಇರುವುದು ಒರೆಸಿದ್ದು ಮಾತ್ರ. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಕುಳಿತು ಸಂಸಾರ ಸಾಕಿದ ಜಾಗವನ್ನು ನಾನು ಕಸವೆಂದು ತೆಗೆದುಹಾಕಿದ್ದೆ.

ಅಂದಿನಿಂದ ಯೋಚಿಸುತ್ತಿದ್ದೇನೆ. ಹಳೆಯ ಕಟ್ಟಡದೊಳಗೆ ಹೊಸ ಬದುಕು ಸೇರಿಕೊಂಡಿರುವಾಗ ನೀವು ಯಾವುದರ ಫೋಟೊ ತೆಗೆಯುತ್ತೀರಿ? ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು ಚಿತ್ರವೂ ಚೆನ್ನಾಗಿ ಬರುವಂತೆ ಮಾಡುವುದು ಹೇಗೆ?

ಅಠಾರಾ

ಮೇಡಂ, ಓದಿ ಮನಸ್ಸು ಭಾರವಾಯಿತು. ಆದರೆ ನಿಮ್ಮ ಪ್ರಶ್ನೆ ಈ ಊರಿಗೆ ಬಹಳ ಹೊಂದುವ ಪ್ರಶ್ನೆ. ಬೆಂಗಳೂರಿನಲ್ಲಿ ಒಂದೇ ಬಳಕೆಯಲ್ಲಿ ಉಳಿದ ಹಳೆಯ ಕಟ್ಟಡ ಸಿಗುವುದೇ ಕಷ್ಟ.

ಟಿಪ್ಪುವಿನ ಬೇಸಿಗೆ ಅರಮನೆಯನ್ನೇ ನೋಡಿ. ಹೈದರಾಲಿ 1781ರಲ್ಲಿ ಆರಂಭಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ಅವರ ನಂತರ ಆ ತೇಗದ ಕಂಬಗಳ ನಡುವೆ ಸರಕಾರಿ ಕಚೇರಿ ನಡೆಯಿತು. 1868ರಲ್ಲಿ ಕಚೇರಿ ಅಲ್ಲಿಂದ ಎದ್ದು ಕಬ್ಬನ್ ಉದ್ಯಾನದ ಅಂಚಿನ ಕೆಂಪು ಕಟ್ಟಡಕ್ಕೆ ಬಂತು. ಹದಿನೆಂಟು ಇಲಾಖೆಗಳಿದ್ದ ಕಾರಣ ಅದು ಅಠಾರಾ ಕಚೇರಿ. 1956ರಲ್ಲಿ ವಿಧಾನಸೌಧ ಎದ್ದಮೇಲೆ ಇಲಾಖೆಗಳು ರಸ್ತೆ ದಾಟಿದವು, ಕೆಂಪು ಕಟ್ಟಡ ಹೈಕೋರ್ಟಿನ ಪಾಲಿಗೆ ಉಳಿಯಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಇಂದು ನಾವು ಫೋಟೊ ತೆಗೆಯಲು ಅದು ಅಲ್ಲಿರುವುದು ಆ ಹೋರಾಟದಿಂದ.

ನಾನು ಕಟ್ಟಡವನ್ನು ಖಾಲಿಯಾಗಿ ತೆಗೆಯುವುದನ್ನು ಬಿಟ್ಟು ಬಹಳ ವರ್ಷವಾಯಿತು. ಕಪ್ಪು ಕೋಟಿನ ವಕೀಲರು ಕಡತ ಹಿಡಿದು ಮೆಟ್ಟಿಲಿಳಿಯುವ ಹೊತ್ತಿಗೆ ಹೊರಗಿನ ಬೇಲಿಯ ಬಳಿ ನಿಲ್ಲುತ್ತೇನೆ. ಆ ಕೆಂಪಿಗೆ ಆ ಕಪ್ಪು ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ.

ಗಾರೆಗಚ್ಚು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಹಳೆಯ ಕಟ್ಟಡಗಳ ದುರಸ್ತಿಗೆ ನಕ್ಷೆ ಮಾಡುವುದು ನನ್ನ ಕಸುಬು. ನಮಗೆ ಬೋರ್ಡಿಲ್ಲದ, ವೈರಿಲ್ಲದ, ನೆರಳಿಲ್ಲದ ಫೋಟೊ ಬೇಕೇ ಬೇಕು. ಚಾಮರಾಜಪೇಟೆಯ ಮನೆಯೊಂದರಲ್ಲಿ ಫ್ಲೆಕ್ಸ್ ಹಿಂದೆ ಸುಣ್ಣಗಾರೆಯ ಜಾಲಂಧ್ರವಿತ್ತು. ಅದರ ಮಾದರಿ ಗೊತ್ತಾದದ್ದು ಹವ್ಯಾಸಿಯೊಬ್ಬರು ಬಹಳ ಹಿಂದೆ ತೆಗೆದ ಒಂದು ಚಿತ್ರದಿಂದ. ಅದನ್ನು ನೋಡಿಕೊಂಡೇ ಮೇಸ್ತ್ರಿ ಹೊಸ ಅಚ್ಚು ಮಾಡಿದರು. ಚೊಕ್ಕ ಚಿತ್ರವೆಂದರೆ ಸುಳ್ಳು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಒರೆಸುವುದು ಬೇರೆ, ಕಾಯುವುದು ಬೇರೆ. ಅಂಗಡಿ ಬಾಗಿಲು ಹಾಕಿರುವ ದಿನ ಹೋಗುವುದು, ನಿಂತ ಗಾಡಿ ಹೊರಡುವವರೆಗೆ ಕಾಯುವುದು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಕಂಬದ ಹಿಂದೆ ವೈರನ್ನು ಮರೆಮಾಡುವುದು, ಇವೆಲ್ಲ ಸರಿಯೇ. ಕಂಪ್ಯೂಟರಿನಲ್ಲಿ ಗೋಡೆಯ ತುಂಡು ತಂದು ಅಂಟಿಸಿದರೆ ಅದು ದಾಖಲೆಯಾಗಿ ನಮಗೂ ಉಪಯೋಗಕ್ಕೆ ಬರುವುದಿಲ್ಲ. ಆ ಗೋಡೆಯಲ್ಲಿ ಬಿರುಕಿತ್ತೋ ಗೂಡಿತ್ತೋ ಯಾರಿಗೆ ಗೊತ್ತು?

ಕಡಪಕಲ್ಲು

ಸರ್, ತಪ್ಪೇನೂ ಇಲ್ಲ, ಬೇಕಾಗಿದ್ದ ಮಾತು. ಆ ಗೋಡೆಯಲ್ಲಿ ಒಂದು ದೀಪದ ಗೂಡಿತ್ತೆಂದು ಮಸುಕಾಗಿ ನೆನಪು. ಚಿತ್ರದಲ್ಲಿ ಅದೂ ಇಲ್ಲ.

ಎಂಟನೇ ಅಡ್ಡರಸ್ತೆ

ನಾನು ಕಾಲೇಜು ವಿದ್ಯಾರ್ಥಿ, ಫೋನಿನಲ್ಲೇ ತೆಗೆಯುವುದು. ಮಲ್ಲೇಶ್ವರದ ಹಳೆಯ ಮನೆಗಳನ್ನು ತೆಗೆದಾಗಲೆಲ್ಲ ಗೋಡೆಗಳು ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತವೆ. ಏನು ತಪ್ಪು ಮಾಡುತ್ತಿದ್ದೇನೆ?

ಮೂವತ್ತಾರು ಫ್ರೇಮು

ತಮ್ಮಾ, ಫೋನನ್ನು ಮೇಲಕ್ಕೆ ಓರೆ ಮಾಡುತ್ತಿದ್ದೀಯ, ಅಷ್ಟೇ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿರುವವರೆಗೆ ಗೋಡೆ ನೆಟ್ಟಗಿರುತ್ತದೆ. ಫೋನಿನಲ್ಲಿ ಚೌಕಗೆರೆ ಹಾಕಿಕೊ, ಅದರ ಲಂಬಗೆರೆಗೆ ಬಾಗಿಲವಾಡದ ಅಂಚನ್ನು ಕೂಡಿಸು. ಆಗ ಮನೆಯ ಮಾಡು ಕತ್ತರಿಸಿ ಹೋಗುತ್ತದೆ, ಕೆಳಗೆ ರಸ್ತೆ ಜಾಸ್ತಿ ಬರುತ್ತದೆ. ಹೆದರಬೇಡ. ಹಿಂದಕ್ಕೆ ಹೋಗು, ಫೋನನ್ನು ಉದ್ದಕ್ಕೆ ಹಿಡಿ, ಮಾಡು ಪೂರ್ತಿ ಬರಲಿ, ಆಮೇಲೆ ಕೆಳಗಿನ ರಸ್ತೆಯನ್ನು ಕತ್ತರಿಸು. ಎದುರು ಮನೆಯವರು ಮಹಡಿಗೆ ಬಿಟ್ಟುಕೊಂಡರಂತೂ ಬಹಳ ಒಳ್ಳೆಯದು, ಮೊದಲನೇ ಅಂತಸ್ತಿನ ಎತ್ತರದಿಂದ ತೆಗೆದರೆ ಹೆಂಚೂ ಹೊಸ್ತಿಲೂ ಎರಡೂ ಸರಿಯಾಗಿ ಸಿಗುತ್ತವೆ. ಬಹಳ ಅಗಲ ತೋರಿಸುವ ಲೆನ್ಸನ್ನು ಕೊನೆಯ ಉಪಾಯವಾಗಿ ಮಾತ್ರ ಬಳಸು, ಅದು ಅಂಚಿನ ಕಂಬಗಳನ್ನು ಹಿಗ್ಗಿಸುತ್ತದೆ. ಆಮೇಲೆ ತಂತ್ರಾಂಶದಲ್ಲಿ ನೇರ ಮಾಡುವುದಾದರೆ ಸುತ್ತ ಜಾಗ ಬಿಟ್ಟು ತೆಗೆ, ನೇರ ಮಾಡುವಾಗ ಅಂಚು ಹೋಗುತ್ತದೆ.

ಬಿಳಿ ಸುಣ್ಣದ ಗೋಡೆ ಬೂದಿಯಾಗಿ ಬರುತ್ತಿದ್ದರೆ ಬೆಳಕನ್ನು ಒಂದು ಹೆಜ್ಜೆ ಏರಿಸು. ಕ್ಯಾಮೆರಾಕ್ಕೆ ಬಿಳಿ ಕಂಡರೆ ಅದನ್ನು ಬೂದಿ ಮಾಡುವ ಅಭ್ಯಾಸ.

ಇನ್ನೊಂದು ಮಾತು, ಇದನ್ನು ನಲವತ್ತು ವರ್ಷ ನೋಡಿ ಹೇಳುತ್ತಿದ್ದೇನೆ. ಉತ್ತರಕ್ಕೆ ಮುಖ ಮಾಡಿದ ಮನೆಗಳನ್ನು ಜನ ಬಿಸಿಲೇ ಬೀಳುವುದಿಲ್ಲವೆಂದು ಬಿಟ್ಟುಬಿಡುತ್ತಾರೆ. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಹಗಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನವೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ ಆರೂವರೆಗೆ ಉತ್ತರದ ಗೋಡೆಗೆ ಪಕ್ಕದಿಂದ ಸವರಿಕೊಂಡು ಹೋಗುವ ಬಿಸಿಲು ಬೀಳುತ್ತದೆ. ಗಾರೆಯ ಒಂದೊಂದು ಹೂವೂ ಎದ್ದು ನಿಲ್ಲುತ್ತದೆ. ಜೂನಿನಲ್ಲಿ ಮೋಡ ಮುಸುಕುತ್ತದೆ, ಆದ್ದರಿಂದ ಮೇ ತಿಂಗಳನ್ನು ಬಿಡಬಾರದು. ನಾನು ಬಸವನಗುಡಿಯ ಒಂದು ಮನೆಯ ಮುಂದೆ ಆ ಬೆಳಕಿಗಾಗಿ ಮೂರು ವರ್ಷ ಮೇ ತಿಂಗಳಲ್ಲಿ ಹೋಗಿ ನಿಂತಿದ್ದೇನೆ.

ಎಂಟನೇ ಅಡ್ಡರಸ್ತೆ

ಧನ್ಯವಾದ ಸರ್. ನಮ್ಮ ಅಜ್ಜಿಯ ಮನೆಯೇ ಉತ್ತರದ ಬಾಗಿಲಿನದು. ಮೇ ತಿಂಗಳಿಗೆ ಕಾಯುತ್ತೇನೆ.

ಕೆರೆ ಏರಿ

ಎಲ್ಲರೂ ಕಟ್ಟಡದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಈ ಊರಿನಲ್ಲಿ ಅತಿ ಹೆಚ್ಚು ಬಳಕೆ ಬದಲಾದದ್ದು ನೆಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಮೈದಾನವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ ಎದ್ದಿತು. ಇವುಗಳ ಭೂದೃಶ್ಯ ತೆಗೆಯುವುದು ಹೇಗೆಂದು ನಾನು ಏಳು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಕಟ್ಟಡಕ್ಕಾದರೆ ಹಳೆಯ ಗೋಡೆ ಉಳಿದಿರುತ್ತದೆ. ಕೆರೆಗೆ ಏನು ಉಳಿದಿರುತ್ತದೆ?

ಇಳಿಜಾರು ಉಳಿದಿರುತ್ತದೆ. ಅದನ್ನು ಹಿಡಿಯಲು ಕಲಿತೆ. ಮೆಜೆಸ್ಟಿಕ್ಕಿಗೆ ಸುತ್ತಲಿನ ಹಲವು ರಸ್ತೆಗಳಿಂದ ಇಳಿದೇ ಬರುತ್ತೀರಿ. ಉದ್ದದ ಲೆನ್ಸ್ ಹಾಕಿ ರಸ್ತೆಯ ಮೇಲ್ತುದಿಯಲ್ಲಿ ನಿಂತರೆ, ಇಳಿಯುತ್ತಿರುವ ಬಸ್ಸುಗಳ ಸಾಲು ತಗ್ಗಿಗೆ ಹರಿಯುವುದು ಒತ್ತಾಗಿ ಕಾಣುತ್ತದೆ. ಸಂಪಂಗಿ ಕೆರೆಯಲ್ಲಂತೂ ಒಂದು ಸಣ್ಣ ಕೊಳವನ್ನು ಉಳಿಸಿಕೊಂಡಿದ್ದಾರೆ, ಕರಗದ ಆಚರಣೆಗೆ ಇಂದಿಗೂ ಅದು ಬೇಕು. ಕರಗದ ಹೊತ್ತಿನಲ್ಲಿ ಅಲ್ಲಿ ಹೋಗಿ ನಿಂತಿದ್ದೆ. ಮಲ್ಲಿಗೆಯ ವಾಸನೆ, ತಿಗಳ ಸಮುದಾಯದ ವೀರಕುಮಾರರ ಕತ್ತಿಗಳು, ಹಿಂದೆ ಕ್ರೀಡಾಂಗಣದ ದೀಪಸ್ತಂಭ. ಅದೊಂದು ಚಿತ್ರದಲ್ಲಿ ಕೆರೆ ಇದ್ದದ್ದೂ ಹೋದದ್ದೂ ಎರಡೂ ಬಂದಿವೆ ಎಂದು ನನ್ನ ನಂಬಿಕೆ.

ಅಠಾರಾ

ಇಳಿಜಾರಿನ ಮಾತು ಬಹಳ ಹಿಡಿಸಿತು. ಇಷ್ಟು ವರ್ಷ ಆ ರಸ್ತೆಗಳಲ್ಲಿ ಓಡಾಡಿ ಒಮ್ಮೆಯೂ ಹಾಗೆ ನೋಡಿರಲಿಲ್ಲ.

ತೊಟ್ಟಿಲ ಕೊಂಡಿ

ನಾನು ಈವರೆಗೆ ಇಲ್ಲಿ ಓದಿದ್ದೇ ಹೆಚ್ಚು, ಬರೆದದ್ದಿಲ್ಲ. ಕಡಪಕಲ್ಲು ಅಕ್ಕನ ಮಾತು ಓದಿದ ಮೇಲೆ ಬರೆಯಬೇಕೆನಿಸಿತು.

ನಮ್ಮ ತಾತನ ಮನೆ ಬಸವನಗುಡಿಯಲ್ಲಿ. 1898ರ ಪ್ಲೇಗಿನ ನಂತರ ಹೊಸ ಬಡಾವಣೆಗಳಾದಾಗ ಪೇಟೆಯಿಂದ ಬಂದವರ ಪೈಕಿ ನಮ್ಮ ಹಿರಿಯರೂ ಇದ್ದರು. ಮನೆ ಮಾರಿ ಎಂಟು ವರ್ಷವಾಯಿತು. ಕೊಂಡವರು ಕೆಡವಲಿಲ್ಲ, ಊಟದ ಹೋಟೆಲು ಮಾಡಿದರು. ಬಹಳ ದಿನ ಅತ್ತ ಸುಳಿದಿರಲಿಲ್ಲ. ಹೋದ ವರ್ಷ ಧೈರ್ಯ ಮಾಡಿ, ಕ್ಯಾಮೆರಾ ತೆಗೆದುಕೊಂಡು, ಮಧ್ಯಾಹ್ನ ಜನವಿಲ್ಲದ ಹೊತ್ತಿಗೆ ಹೋದೆ. ಇಂಥವರ ಮೊಮ್ಮಗಳು ಎಂದಾಗ ಒಳಗೆಲ್ಲ ಓಡಾಡಲು ಬಿಟ್ಟರು.

ಪಡಸಾಲೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿತ್ತು. ಈಗ ಅದರಲ್ಲಿ ಬೆತ್ತದ ಲಾಂದ್ರ ತೂಗುತ್ತಿದೆ. ಕುರ್ಚಿ ಹತ್ತಿ ಹತ್ತಿರದಿಂದ ನೋಡಿದೆ. ಹೊರಬದಿಗೆ ಬಣ್ಣ ಬಳಿದಿದ್ದಾರೆ, ಕಪ್ಪಗಿದೆ. ಒಳಬದಿಯ ಕೆಳಭಾಗ ಮಾತ್ರ ಸರಪಳಿ ಉಜ್ಜಿ ಉಜ್ಜಿ ಸವೆದು ಹಳ್ಳ ಬಿದ್ದಿದೆ, ಆ ಹಳ್ಳಕ್ಕೆ ಬಣ್ಣ ಹತ್ತಿಲ್ಲ, ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅಮ್ಮ, ಮಾವಂದಿರು, ನಾನು, ನನ್ನ ತಮ್ಮ, ಎಲ್ಲರನ್ನೂ ತೂಗಿ ಸವೆದದ್ದು ಅದು. ಲಾಂದ್ರದ ಹಗ್ಗ ಸರಿಯಾಗಿ ಆ ಹಳ್ಳದಲ್ಲೇ ಕುಳಿತಿದೆ.

ಲಾಂದ್ರ ಬಿಚ್ಚಿ ಕೊಡಲೇ ಎಂದು ಅಲ್ಲಿಯ ಹುಡುಗ ಕೇಳಿದ. ಬೇಡವೆಂದೆ. ಲಾಂದ್ರದೊಂದಿಗೇ ತೆಗೆದೆ. ಆ ಫೋಟೊ ನೋಡಿ ಅಮ್ಮ, ‘ಪರವಾಗಿಲ್ಲ, ಇನ್ನೂ ಭಾರ ಹೊರುತ್ತಿದೆ’ ಎಂದರು.

ಗಾರೆಗಚ್ಚು

ತಂಗೀ, ಆ ಕೊಂಡಿಯ ಚಿತ್ರವನ್ನು ದಯವಿಟ್ಟು ಇಲ್ಲಿ ಹಾಕಿ. ತೊಲೆಗೆ ಅದನ್ನು ಹೇಗೆ ಕೂಡಿಸಿದ್ದಾರೆ, ಮೇಲಿನಿಂದ ಬಗ್ಗಿಸಿ ಬಡಿದಿದ್ದಾರೋ ತಿರುಪಿದೆಯೋ ನೋಡಬೇಕು. ಮದ್ರಾಸ್ ತಾರಸಿಯ ಮನೆಗಳಲ್ಲಿ ತೊಲೆಯ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಸುಣ್ಣಗಾರೆ ಹಾಕಿರುತ್ತಾರೆ, ಅಲ್ಲಿ ಭಾರ ತೂಗುಹಾಕಬೇಕೆಂದರೆ ತೊಲೆಯೇ ಗತಿ. ಹೋಟೆಲಿನವರು ಮಾಡಿನ ಕೆಳಗೆ ಸುಳ್ಳು ಚಾವಣಿ ಹಾಕದೆ ಬಿಟ್ಟಿದ್ದಾರೆಂದರೆ ಅವರಿಗೆ ನನ್ನ ನಮಸ್ಕಾರ.

ಹಳಿಯಂಚು

ಕಟ್ಟಡವೇ ಆಗಬೇಕೆಂದಿಲ್ಲ. 2020ರಲ್ಲಿ ಮೆಜೆಸ್ಟಿಕ್ಕಿನಲ್ಲಿ ಕೆಎಸ್ಆರ್‌ಟಿಸಿಯವರು ಓಡಿ ಮುಗಿದ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾಡಿದ್ದು ನೆನಪಿದೆಯೇ? ಮಗುವಿಗೆ ಹಾಲೂಡಿಸುವ ಜಾಗವೂ ಅದರಲ್ಲಿತ್ತು. ಗಾಡಿಯ ಮುಖ ಬಸ್ಸಿನದೇ. ನನ್ನ ತಂದೆ ಚಾಲಕರಾಗಿ ನಿವೃತ್ತರಾದವರು. ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿ ಚಕ್ರದ ಕಮಾನನ್ನು ಬೆರಳಲ್ಲಿ ಮುಟ್ಟಿದರು.

ಹೊರಗೆ ಹೋಗುವ ಮನಸ್ಸಿದ್ದವರು ಯಲಹಂಕದಿಂದ ಚಿಕ್ಕಬಳ್ಳಾಪುರದ ಹಾದಿಯ ನಿಲ್ದಾಣಗಳನ್ನು ನೋಡಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಕಿರಿದಾದ ಹಳಿಯ ಕಾಲದ ಪುಟ್ಟ ಕಲ್ಲುಕಟ್ಟಡಗಳು, ಈಗ ದುರಸ್ತಿ ಕಂಡಿವೆ. ಚಳಿಗಾಲದ ಬೆಳಿಗ್ಗೆ ನಂದಿ ಹಾಲ್ಟಿನಲ್ಲಿ ಮಂಜಿನ ಹಿಂದೆ ಬೆಟ್ಟ ನಿಧಾನವಾಗಿ ಮೂಡುತ್ತದೆ.

ಎಂಟನೇ ಅಡ್ಡರಸ್ತೆ

ಅನುಮತಿಯ ವಿಷಯ ಕೇಳಬೇಕಿತ್ತು. ಹೋದ ವಾರ ಒಂದು ಹಳೆಯ ಬಂಗಲೆಯನ್ನು ರಸ್ತೆಯ ಮೇಲೆ ನಿಂತು ತೆಗೆಯುತ್ತಿದ್ದೆ. ಈಗ ಅದರಲ್ಲಿ ಒಂದು ಕಂಪನಿಯ ಕಚೇರಿಯಿದೆ. ಕಾವಲುಗಾರ ಬಂದು ಫೋಟೊ ಅಳಿಸಲು ಹೇಳಿದ. ಅಳಿಸಿದೆ. ಅಳಿಸಬೇಕಿತ್ತೇ?

ಅಠಾರಾ

ಬೇಕಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲೇ ವಾಸ್ತುಕೃತಿಯ ಫೋಟೊ ತೆಗೆಯುವುದು, ಪ್ರಕಟಿಸುವುದು ಉಲ್ಲಂಘನೆಯಲ್ಲ ಎಂದಿದೆ. ರಕ್ಷಣಾ ಇಲಾಖೆಯ ಜಾಗ, ನಿಷೇಧದ ಫಲಕವಿರುವ ಜಾಗ ಬೇರೆ ಮಾತು. ಆವರಣದೊಳಗೆ ಕಾಲಿಟ್ಟರೆ ಮಾಲೀಕರ ಒಪ್ಪಿಗೆ ಬೇಕು. ಟಿಪ್ಪು ಅರಮನೆಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಪಡೆಯಬೇಕು.

ಆದರೆ ಕಾಯಿದೆಯನ್ನು ಕಾವಲುಗಾರನ ಮುಂದೆ ಓದಬೇಡಿ. ಅವರ ಕೆಲಸ ಹೋಗುವ ಭಯ ಅವರಿಗೆ. ಕ್ಯಾಮೆರಾ ಹೊರತೆಗೆಯುವ ಮೊದಲೇ ಹೋಗಿ ನಮಸ್ಕಾರ ಹೇಳಿ, ತೆಗೆದದ್ದನ್ನು ತೋರಿಸಿ. ಫ್ರೀಡಂ ಪಾರ್ಕಿನಲ್ಲಿ ನನಗೆ ಅತ್ಯುತ್ತಮ ಕೋನ ತೋರಿಸಿದವರು ಅಲ್ಲಿ ಕಸ ಗುಡಿಸುವ ಅಮ್ಮ. ಹಳೆಯ ಸೆಂಟ್ರಲ್ ಜೈಲು ಅದು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಜಾಗ. 2008ರಲ್ಲಿ ಉದ್ಯಾನವಾಗಿ ತೆರೆಯಿತು. ‘ಇಲ್ಲಿಂದ ನೋಡಿ ಸ್ವಾಮಿ, ಗೋಪುರವೂ ಬರುತ್ತದೆ, ಗಲಾಟೆಯೂ ಬರುತ್ತದೆ’ ಎಂದರು ಆಕೆ. ನಗರದ ಪ್ರತಿಭಟನೆಗಳಿಗೆ ಈಗ ಗೊತ್ತುಪಡಿಸಿದ ಸ್ಥಳವೂ ಅದೇ ತಾನೇ. ಜೈಲಿನ ಕಾವಲುಗೋಪುರದ ಕೆಳಗೆ ಅಂಗನವಾಡಿ ಕಾರ್ಯಕರ್ತೆಯರು ಗುಲಾಬಿ ಸೀರೆಯಲ್ಲಿ ಘೋಷಣೆ ಕೂಗುತ್ತಿದ್ದರು. ಅದಕ್ಕಿಂತ ಒಳ್ಳೆಯ ಚಿತ್ರ ನನ್ನಿಂದ ಇನ್ನೂ ಆಗಿಲ್ಲ.

ಮೂವತ್ತಾರು ಫ್ರೇಮು

ಕಡಪಕಲ್ಲು ಮೇಡಂ, ನಾನು ಮೊದಲೇ ಕೇಳಬೇಕಿತ್ತು. ಒರೆಸಿದ ಚಿತ್ರದ ಮೂಲ ಫೈಲು ಏನಾಯಿತು? ಆ ದಿನ ಒಂದೇ ಒಂದು ತೆಗೆದಿರಲಿಕ್ಕಿಲ್ಲ. ರೋಲಿನ ಕಾಲದಲ್ಲಿ ನಮಗೆ ಮೂವತ್ತಾರೇ ಫ್ರೇಮು, ಆದರೂ ಬೆಳಕು ನೋಡಲು ಒಂದನ್ನು ಕಳೆಯುತ್ತಿದ್ದೆವು. ಹಳೆಯ ಡಿಸ್ಕು, ಹಳೆಯ ಕಾರ್ಡು, ಎಲ್ಲ ಹುಡುಕಿ.

ಮತ್ತು ಎಲ್ಲರಿಗೂ ಒಂದು ಕೋರಿಕೆ. ಫೈಲಿನೊಂದಿಗೆ ನಾಲ್ಕು ಸಾಲು ಬರೆದಿಡಿ: ದಿನಾಂಕ, ಬೀದಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ, ಅಂದು ಅಲ್ಲಿ ಯಾರು ಏನು ಮಾಡುತ್ತಿದ್ದರು. ನನ್ನ ಹಳೆಯ ಮುದ್ರಿತ ಚಿತ್ರಗಳ ಹಿಂದೆ ಪೆನ್ಸಿಲಿನಲ್ಲಿ ಬರೆದ ಸಾಲುಗಳಿರುವುದರಿಂದಲೇ ಅವುಗಳಿಗೆ ಬೆಲೆ. ಬರೆಯದೆ ಬಿಟ್ಟ ಚಿತ್ರಗಳಲ್ಲಿ ಯಾವ ಬೀದಿ ಎಂದು ನನಗೇ ತಿಳಿಯುವುದಿಲ್ಲ.

ಕಡಪಕಲ್ಲು

ಹುಡುಕುತ್ತೇನೆ ಸರ್. ಎರಡು ಡಿಸ್ಕುಗಳಿವೆ, ಒಂದು ಚಾಲನೆಯಾಗುವುದಿಲ್ಲ.

ಕೆರೆ ಏರಿ

ಚಾಲನೆಯಾಗದ್ದನ್ನು ಮತ್ತೆ ಮತ್ತೆ ಆನ್ ಮಾಡಬೇಡಿ, ಇನ್ನಷ್ಟು ಹಾಳಾಗುತ್ತದೆ. ಎಸ್‌.ಪಿ. ರಸ್ತೆಯಲ್ಲಿ ದತ್ತಾಂಶ ತೆಗೆದುಕೊಡುವವರಿದ್ದಾರೆ, ಮೊದಲೇ ದರ ಕೇಳಿಕೊಂಡು ಕೊಡಿ.

ಕಡಪಕಲ್ಲು

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಮೂಲ ಫೈಲು ಸಿಗಲಿಲ್ಲ. ಅದರ ಮೇಲೆಯೇ ಒರೆಸಿ ಉಳಿಸಿದ್ದೆ.

ಆದರೆ ಮೂವತ್ತಾರು ಫ್ರೇಮು ಅವರ ಮಾತು ನಿಜವಾಯಿತು. ಹಳೆಯ ಕ್ಯಾಮೆರಾ ಚೀಲದ ಒಳಜೇಬಿನಲ್ಲಿ ಒಂದು ಕಾರ್ಡಿತ್ತು. ಅದರಲ್ಲಿ ಆ ಬೆಳಗಿನ ಒಂದು ಚಿತ್ರವಿದೆ. ಬೆಳಕು ನೋಡಲೆಂದು ಸುಮ್ಮನೆ ಒತ್ತಿದ್ದು. ವಾಲಿದೆ, ಬಿಸಿಲು ಹೆಚ್ಚಾಗಿ ಮೇಲಿನ ಕಿಟಕಿಗಳೆಲ್ಲ ಬೆಳ್ಳಗೆ ಹೋಗಿವೆ, ಬೋರ್ಡಿನ ಅರ್ಧ ಚೌಕಟ್ಟಿನ ಆಚೆಗಿದೆ. ಅವರ ಮುಖವಿಲ್ಲ. ಯಂತ್ರದ ಮೇಲೆ ಬಾಗಿದ ಬೆನ್ನು, ಎಡಗೈ ಮತ್ತು ಪೆಡಲಿನ ಮೇಲಿನ ಒಂದು ಪಾದ ಕಾಣುತ್ತವೆ.

ನೇರ ಮಾಡಲಿಲ್ಲ, ಬಣ್ಣ ತಿದ್ದಲಿಲ್ಲ. ಹಾಗೆಯೇ ಮುದ್ರಿಸಿ ನಿನ್ನೆ ಸಂಜೆ ಆ ಹುಡುಗನ ಮನೆಗೆ ತೆಗೆದುಕೊಂಡು ಹೋದೆ. ಅವನ ತಾಯಿಯೂ ಇದ್ದರು. ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ. ನಾನು ಒರೆಸಿದ ಸಂಗತಿಯನ್ನು ಹೇಳಿ ಕ್ಷಮೆ ಕೇಳಿದೆ, ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಆಮೇಲೆ ಆಕೆ ಕನ್ನಡಕ ಹಾಕಿಕೊಂಡು ಕಿಟಕಿಯ ಸರಳಿನ ಬಳಿ ಬೆರಳಿಟ್ಟರು. ಸರಳಿಗೆ ಟಿಫನ್ ಡಬ್ಬಿಯ ಚೀಲ ನೇತುಹಾಕಿದೆ. ನಾನು ಆ ಚಿತ್ರವನ್ನು ಎಷ್ಟೋ ಸಲ ದೊಡ್ಡದು ಮಾಡಿ ನೋಡಿದ್ದೆ, ಅದನ್ನು ಗಮನಿಸಿಯೇ ಇರಲಿಲ್ಲ.

‘ಇದು ನಾನು ಹೊಲಿದದ್ದು’ ಎಂದರು. ‘ಅವರಲ್ಲ, ನಾನು.’

ಎರಡು ಪ್ರತಿ ಕೇಳಿದ್ದಾರೆ. ದೀಪದ ಗೂಡೂ ಅದರಲ್ಲಿ ಇದೆ ಗಾರೆಗಚ್ಚು ಸರ್, ಬಲಗಡೆ, ಯಂತ್ರಕ್ಕಿಂತ ಒಂದು ಮೊಳ ಮೇಲೆ. ನಿಮಗೂ ಒಂದು ಪ್ರತಿ ಕಳುಹಿಸುತ್ತೇನೆ.